ಮಂಚದಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯಲ್ಲಿ ಮಂಚದಿಂದ ಬಚ್ಚಲುಮನೆಗೆ ಹದಿನಾಲ್ಕು ಹೆಜ್ಜೆ. ನಡುವೆ ಎರಡು ಹೊಸ್ತಿಲು, ಬಚ್ಚಲಿನ ಬಾಗಿಲಲ್ಲಿ ನಾಲ್ಕು ಅಂಗುಲದ ಒಂದು ತಗ್ಗು, ಆಮೇಲೆ ನೀರು ಬಿದ್ದರೆ ಕನ್ನಡಿಯಂತಾಗುವ ಕೆಂಪು ಗಾರೆಯ ನೆಲ. ಹಗಲಿನಲ್ಲಿ ಕ್ಯಾಲಿಪರ್ (ಸೋತ ಕಾಲಿಗೆ ಆಧಾರವಾಗಿ ಕಟ್ಟುವ ಸರಳು, ಪಟ್ಟಿಗಳ ಚೌಕಟ್ಟು) ತೊಟ್ಟಿರುವಾಗ ಇದು ನನಗೆ ಲೆಕ್ಕಕ್ಕೇ ಇಲ್ಲ. ರಾತ್ರಿ ಎರಡು ಗಂಟೆಗೆ, ಕ್ಯಾಲಿಪರ್ ಬಿಚ್ಚಿಟ್ಟು ಮಲಗಿದವಳು ಎದ್ದಾಗ, ಅದೇ ಹದಿನಾಲ್ಕು ಹೆಜ್ಜೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಾಗುತ್ತದೆ.

ನನಗೆ ಪೋಲಿಯೊ ಬಂದದ್ದು ಎರಡನೇ ವಯಸ್ಸಿನಲ್ಲಿ. ಕ್ಯಾಲಿಪರ್ ಇಲ್ಲದೆ ನಡೆಯಬೇಕೆಂದರೆ ಎಡಗೈಯನ್ನು ಎಡತೊಡೆಯ ಮೇಲೆ ಊರಿ, ಮಂಡಿ ಮಡಿಚಿಕೊಳ್ಳದಂತೆ ಹಿಂದಕ್ಕೆ ಒತ್ತಿ, ಒಂದೊಂದೇ ಹೆಜ್ಜೆ ಇಡಬೇಕು. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ, ಪಕ್ಕಕ್ಕೆರಡು ಚಕ್ರ ಜೋಡಿಸಿದ ಸ್ಕೂಟರಿನಲ್ಲಿ ಊರೆಲ್ಲ ಸುತ್ತಿ, ಈಗ ನನಗೆ ಅರವತ್ತೈದು. ಭಾರತದ ಕೊನೆಯ ಪೋಲಿಯೊ ಪ್ರಕರಣ ಕಂಡುಬಂದದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. 2014ರ ಮಾರ್ಚ್ 27ರಂದು ದೇಶ ಪೋಲಿಯೊ ಮುಕ್ತವೆಂದು ಸಾರಿದರು. ರೋಗ ಹೋಯಿತು, ನಾವಿದ್ದೇವೆ. ಬಾಲ್ಯದಲ್ಲಿ ಹೇಗೋ ಚೇತರಿಸಿಕೊಂಡಿದ್ದ ಸ್ನಾಯುಗಳು ದಶಕಗಳ ನಂತರ ಎರಡನೇ ಸಲ ಸೋಲತೊಡಗುವುದಕ್ಕೆ ವೈದ್ಯರು ‘ಪೋಸ್ಟ್ ಪೋಲಿಯೊ ಸಿಂಡ್ರೋಮ್’ ಎನ್ನುತ್ತಾರೆ. ‘ಚೆನ್ನಾಗಿ ನಡೆಯಿರಿ, ಸರಿಹೋಗುತ್ತದೆ’ ಎನ್ನುವ ಹಿತೈಷಿಗಳ ಮಾತು ಕೇಳಿ ಮೈ ದಣಿಸಿಕೊಂಡರೆ ಇನ್ನಷ್ಟು ಕುಸಿಯುತ್ತದೆ.

ಇಷ್ಟಾದರೂ ಮನೆ ಬಿಡುವ ಯೋಚನೆ ನನ್ನ ಕಾಲಿನಿಂದ ಹುಟ್ಟಲಿಲ್ಲ, ನಮ್ಮ ಯಜಮಾನರ ಸೊಂಟದಿಂದ ಹುಟ್ಟಿತು. ಹೋದ ಆಷಾಢದಲ್ಲಿ ಅಕ್ಕಿಯ ಮೂಟೆ ಎತ್ತಲು ಹೋಗಿ ಡಿಸ್ಕ್ ಜರುಗಿ ಮೂರು ವಾರ ಮಲಗಿದರು. ಅವರಿಗೆ ಎಪ್ಪತ್ತೊಂದು. ನಮ್ಮ ಮನೆ ನಿಂತಿರುವುದು ಇಟ್ಟಿಗೆಯ ಮೇಲಲ್ಲ, ಆ ಸೊಂಟದ ಮೇಲೆ ಎಂದು ಆ ಮೂರು ವಾರದಲ್ಲಿ ಗೊತ್ತಾಯಿತು. ರಾತ್ರಿ ನಾನು ಎದ್ದಾಗಲೆಲ್ಲ ಅವರೂ ಏಳುತ್ತಿದ್ದರು, ಭುಜ ಕೊಡುತ್ತಿದ್ದರು. ಮೂವತ್ತೆಂಟು ವರ್ಷದಿಂದ ಒಂದು ದಿನವೂ ಅದನ್ನೊಂದು ಕೆಲಸವೆಂದು ಇಬ್ಬರೂ ಎಣಿಸಿರಲಿಲ್ಲ.

ಆಮೇಲಿನ ಏಳು ತಿಂಗಳು ನಾವು ಮೈಸೂರು, ಬೆಂಗಳೂರು ಎರಡೂ ಕಡೆ ಸುತ್ತಿ ಐದು ದಾರಿಗಳನ್ನು ತೂಗಿ ನೋಡಿದೆವು. ನನ್ನಂಥವರಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ. ನನ್ನಂಥವರು ಎಂದರೆ ವಯಸ್ಸಾದ ಮೇಲೆ ಕಾಲು ಸೋತವರಲ್ಲ, ಸೋತ ಕಾಲಿನೊಂದಿಗೇ ಬದುಕಿ ವಯಸ್ಸಾದವರು. ಕರ್ನಾಟಕ ಸರ್ಕಾರಕ್ಕೆ ಈ ಎರಡೂ ಒಂದೇ ಮನೆಯ ಸಂಗತಿ: ಇಲಾಖೆಯ ಹೆಸರೇ ‘ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ’. (ವಿಕಲಚೇತನ ಎಂಬ ಪದ ನನಗೆ ಹಿಡಿಸುವುದಿಲ್ಲ. ವಿಕಲವಾದದ್ದು ಕಾಲು, ಚೇತನವಲ್ಲ.) ಹಿರಿಯರಿಗೆಂದು ಮನೆ ಕಟ್ಟಿ ಮಾರುವವರ ಲೆಕ್ಕ ಬೇರೆ. ಅವರ ಜಾಹೀರಾತಿನ ಹಿರಿಯರು ಬೆಳ್ಳಿಗೂದಲು ಬಿಟ್ಟುಕೊಂಡು ಬ್ಯಾಡ್ಮಿಂಟನ್ ಆಡುತ್ತಿರುತ್ತಾರೆ.

ಮೊದಲು ಒಂದು ನೋಟ್ ಪುಸ್ತಕ

ಯಾವ ಜಾಗವನ್ನು ನೋಡಲು ಹೋಗುವುದಕ್ಕೂ ಮೊದಲು ಒಂದು ವಾರ ಬರೆದಿಡಿ: ದಿನಕ್ಕೆ ಎಷ್ಟು ಸಲ ಇನ್ನೊಬ್ಬರ ಕೈ ಬೇಕಾಯಿತು, ಯಾವುದಕ್ಕೆ, ಎಷ್ಟು ನಿಮಿಷ, ಯಾರ ಕೈ. ಬ್ಯಾಂಕಿನವಳಾದ್ದರಿಂದ ನಾನು ಗೆರೆ ಎಳೆದು ಕಾಲಂ ಮಾಡಿದೆ. ಸ್ನಾನಕ್ಕೆ ಇಳಿಯಲು, ಏಳಲು. ಮೇಲಿನ ಅಟ್ಟದಿಂದ ಪಾತ್ರೆ ತೆಗೆಯಲು. ಮಳೆಯಲ್ಲಿ ಗೇಟಿನವರೆಗೆ. ರಾತ್ರಿ ಎರಡು ಸಲ. ಒಟ್ಟು ಸೇರಿಸಿದರೆ ದಿನಕ್ಕೆ ಒಂದೂಕಾಲು ಗಂಟೆ ಮಾತ್ರ. ಆದರೆ ಆ ಒಂದೂಕಾಲು ಗಂಟೆ ಇಪ್ಪತ್ತನಾಲ್ಕು ಗಂಟೆಯ ಉದ್ದಕ್ಕೂ ಚೂರುಚೂರಾಗಿ ಹರಡಿಕೊಂಡಿತ್ತು. ಇದು ಮುಖ್ಯ. ಬೆಳಿಗ್ಗೆ ಬಂದು ಎರಡು ಗಂಟೆ ಇದ್ದು ಹೋಗುವ ಸಹಾಯಕಿಯಿಂದ ಇದರಲ್ಲಿ ಮುಕ್ಕಾಲು ಪಾಲು ನೀಗುವುದಿಲ್ಲ. ಹಾಗೆಂದು ಇಡೀ ದಿನ ಒಬ್ಬರನ್ನು ಇಟ್ಟುಕೊಂಡರೆ ಅವರು ಹೆಚ್ಚಿನ ಹೊತ್ತು ಮೊಬೈಲ್ ನೋಡುತ್ತಾ ಕೂರುತ್ತಾರೆ, ನಾವು ಅದನ್ನು ನೋಡುತ್ತಾ ಕೊರಗುತ್ತೇವೆ.

ಪುಸ್ತಕದ ಕೊನೆಯ ಕಾಲಂನಲ್ಲಿ, ‘ಯಾರ ಕೈ’ ಎಂಬಲ್ಲಿ, ಏಳೂ ದಿನ ಒಂದೇ ಹೆಸರಿತ್ತು. ನಿಮ್ಮದರಲ್ಲಿಯೂ ಒಂದೇ ಹೆಸರಿದ್ದು, ಆ ಹೆಸರಿನವರಿಗೂ ಅರವತ್ತೈದು ದಾಟಿದ್ದರೆ, ಮನೆಯನ್ನು ಎಷ್ಟು ತಿದ್ದಿದರೂ ಪ್ರಶ್ನೆ ಅಲ್ಲಿಯೇ ಉಳಿಯುತ್ತದೆ.

ಇದ್ದ ಮನೆಯನ್ನೇ ತಿದ್ದುವುದು

ಎಲ್ಲರೂ ಮೊದಲು ಯೋಚಿಸುವುದು ಇದನ್ನೇ, ಯೋಚಿಸಲೂಬೇಕು. ನಮ್ಮ ಮುಂಬಾಗಿಲಿಗೆ ಆರಾರು ಅಂಗುಲದ ಮೂರು ಮೆಟ್ಟಿಲು, ಅಂದರೆ ಹದಿನೆಂಟು ಅಂಗುಲದ ಎತ್ತರ. ಗಾಲಿಕುರ್ಚಿಯ ಇಳಿಜಾರಿಗೆ ಒಪ್ಪಿತವಾದ ಲೆಕ್ಕ ಒಂದಕ್ಕೆ ಹನ್ನೆರಡು: ಒಂದು ಅಂಗುಲ ಏರಬೇಕಾದರೆ ಹನ್ನೆರಡು ಅಂಗುಲ ಉದ್ದ. ಹಾಗಾಗಿ ನಮಗೆ ಬೇಕಾದದ್ದು ಹದಿನೆಂಟು ಅಡಿ. ಗೇಟಿನಿಂದ ಮೆಟ್ಟಿಲಿಗೆ ಇರುವುದು ಹನ್ನೊಂದು. ಮೇಸ್ತ್ರಿ ನಕ್ಕ. ‘ಅಷ್ಟುದ್ದ ಯಾಕಮ್ಮ, ಎಂಟಡಿಯಲ್ಲಿ ಮುಗಿಸಿಕೊಡುತ್ತೇನೆ’ ಎಂದ. ಅವನು ಹೇಳಿದ್ದು ಸ್ಕೂಟರ್ ಹತ್ತಿಸುವ ಇಳಿಜಾರು. ಅದರಲ್ಲಿ ಗಾಲಿಕುರ್ಚಿ ಹತ್ತಿಸಲು ಇಬ್ಬರು ಗಟ್ಟಿಗರು ಬೇಕು, ಇಳಿಸಲು ದೇವರು ಬೇಕು. ಕೊನೆಗೆ ಇಳಿಜಾರನ್ನು ಮಧ್ಯೆ ತಿರುಗಿಸಿ, ತಿರುವಿನಲ್ಲಿ ಐದಡಿಯ ಸಮತಟ್ಟು ಬಿಟ್ಟು ನಕ್ಷೆ ಹಾಕಿದೆವು. ಪಾರಿಜಾತದ ಗಿಡ ಹೋಗಬೇಕಾಗುತ್ತದೆ ಎಂದು ಗೊತ್ತಾದದ್ದು ಆಗ.

ಒಳಗೆ ಬಂದರೆ ಹೊಸ್ತಿಲು. ಕೋಣೆಗಳ ನಡುವಿನ ಹೊಸ್ತಿಲನ್ನು ಕಿತ್ತು ನೆಲ ಸಮ ಮಾಡುವುದು ಒಂದು ದಿನದ ಕೆಲಸ. ಮುಂಬಾಗಿಲಿನದು ಬೇರೆ. ನಮ್ಮ ಅತ್ತೆ ನಲವತ್ತು ವರ್ಷ ಪ್ರತಿ ಶುಕ್ರವಾರ ಅರಿಸಿನ ಹಚ್ಚಿ, ಕುಂಕುಮವಿಟ್ಟು, ರಂಗೋಲಿ ಎಳೆದ ತೇಗದ ಮರ ಅದು. ಅದನ್ನು ಕೀಳುವ ಮಾತು ಬಂದಾಗ ಯಜಮಾನರು ಏನೂ ಹೇಳದೆ ಎದ್ದು ಹೋಗಿ ಗಿಡಗಳಿಗೆ ನೀರು ಹಾಕಿದರು. ಎರಡೂ ಕಡೆ ರಬ್ಬರಿನ ಚಿಕ್ಕ ಇಳಿಜಾರುಪಟ್ಟಿ ಇಟ್ಟರೆ ಸಾಕು, ಹೊಸ್ತಿಲು ಉಳಿಯುತ್ತದೆ. ಇಂಥ ಪಟ್ಟಿಗಳು ಸಿಗುತ್ತವೆ.

ಬಚ್ಚಲುಮನೆಯಲ್ಲಿ ಮೂರು ತಪ್ಪುಗಳನ್ನು ಮಾಡಬೇಡಿ. ಒಂದು, ತಗ್ಗಿದ ನೆಲವನ್ನು ಕೋಣೆಯ ಮಟ್ಟಕ್ಕೆ ಎತ್ತರಿಸಿ ಅಷ್ಟಕ್ಕೇ ಬಿಟ್ಟರೆ ನೀರು ಕೋಣೆಗೆ ಬರುತ್ತದೆ. ನೆಲಕ್ಕೆ ಒಳಮುಖದ ಇಳಿತ ಕೊಟ್ಟು, ಬಾಗಿಲಿನ ಅಡ್ಡಕ್ಕೆ ಜಾಲರಿ ಮುಚ್ಚಿದ ಕಿರುಗಾಲುವೆ ಮಾಡಿಸಬೇಕು. ಎರಡು, ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲ ಹಿಂದೆ ನೀವು ಬಿದ್ದರೆ ನಿಮ್ಮ ಮೈಯೇ ಅಗುಳಿಯಾಗುತ್ತದೆ. ಹಳೆಯ ಮನೆಗಳ ಎರಡು, ಎರಡೂವರೆ ಅಡಿಯ ಬಾಗಿಲನ್ನು 900 ಮಿಲಿಮೀಟರಿಗೆ, ಅಂದರೆ ಹತ್ತಿರಹತ್ತಿರ ಮೂರಡಿಗೆ ಅಗಲಿಸಿ. ಮೂರು, ಟವೆಲ್ ಹಾಕುವ ಕಂಬಿ ಹಿಡಿಕೆಯ ಕಂಬಿಯಲ್ಲ. ಹಿಡಿಕೆಯ ಕಂಬಿ ಗೋಡೆಯೊಳಗೆ ಆಳಕ್ಕೆ ಇಳಿದಿರಬೇಕು, ಮೈಭಾರ ಪೂರ್ತಿ ಹಾಕಿ ಜಗ್ಗಿದರೂ ಅಲುಗಬಾರದು. ಕಮೋಡ್ 450ರಿಂದ 480 ಮಿಲಿಮೀಟರ್ ಎತ್ತರವಿದ್ದರೆ ಎದ್ದೇಳುವುದು ಸುಲಭ. ಇರುವುದನ್ನು ಒಡೆಯಬೇಕಾಗಿಲ್ಲ, ಮೇಲೆ ಕೂರಿಸುವ ಎತ್ತರದ ಸೀಟುಗಳಿವೆ. ‘ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಟ್ಟುಕೊಂಡರೆ ಆಯಿತಲ್ಲ’ ಎಂದು ಸಲಹೆ ಕೊಡುವವರು ಬೆಳಿಗ್ಗೆ ಅದನ್ನು ತೊಳೆಯುವವರು ಯಾರೆಂದು ಹೇಳುವುದಿಲ್ಲ.

ಇಷ್ಟೆಲ್ಲ ಮಾಡಿಸಿದರೂ ಖರ್ಚು ಒಂದು ಸಲದ್ದು, ಯಾವ ಹಿರಿಯರ ವಸತಿಯ ಠೇವಣಿಗಿಂತಲೂ ಬಹಳ ಕಡಿಮೆ. ಗಾರೆ, ಕಬ್ಬಿಣದಿಂದ ಬಗೆಹರಿಯುವುದೆಲ್ಲ ಸ್ವಂತ ಮನೆಯಲ್ಲಿಯೇ ಬಗೆಹರಿಯುತ್ತದೆ. ಬಗೆಹರಿಯದೆ ಉಳಿಯುವುದು ಆ ಕೊನೆಯ ಕಾಲಂ. ಹೋಂ ನರ್ಸ್ ಕಳುಹಿಸುವ ಏಜೆನ್ಸಿಗಳು ಎಲ್ಲ ಊರಿನಲ್ಲಿವೆ. ಮೂರು ತಿಂಗಳಿಗೊಬ್ಬರು ಬದಲಾಗುತ್ತಾರೆ, ಪ್ರತಿಯೊಬ್ಬರಿಗೂ ಕ್ಯಾಲಿಪರಿನ ಪಟ್ಟಿ ಎಷ್ಟು ಬಿಗಿಯಬೇಕೆಂದು ಮೊದಲಿನಿಂದ ಕಲಿಸಬೇಕು, ಗೌರಿ ಹಬ್ಬಕ್ಕೆ ಊರಿಗೆ ಹೋದವರು ದೀಪಾವಳಿ ಕಳೆದರೂ ಬರುವುದಿಲ್ಲ. ಒಬ್ಬರು ಬಾರದ ದಿನ ಇನ್ನೊಬ್ಬರು ಬರುವ ವ್ಯವಸ್ಥೆ ಸ್ವಂತ ಮನೆಯಲ್ಲಿಲ್ಲ. ಮನೆಗೂ ಹಿರಿಯರ ವಸತಿಗೂ ಇರುವ ನಿಜವಾದ ವ್ಯತ್ಯಾಸ ಇದು. ಈಜುಕೊಳ, ಗ್ರಂಥಾಲಯ ಎಲ್ಲ ಆಮೇಲಿನ ಮಾತು.

ಒಂದನ್ನು ಮಾತ್ರ ಹಣ ಕೊಟ್ಟು ಕೊಳ್ಳಲಾಗುವುದಿಲ್ಲ. ನಮ್ಮ ಬೀದಿಯಲ್ಲಿ ಮೂವತ್ತು ವರ್ಷದಿಂದ ಯಾರೂ ‘ನಿಮ್ಮ ಕಾಲಿಗೆ ಏನಾಯಿತು’ ಎಂದು ಕೇಳಿಲ್ಲ. ಹಾಲಿನವನಿಗೆ, ಹೂವಿನವಳಿಗೆ, ನನ್ನ ಬೂಟಿನ ಅಟ್ಟೆ ಎತ್ತರಿಸಿಕೊಡುವ ಮೂಲೆಯ ಚಮ್ಮಾರಣ್ಣನಿಗೆ ಕ್ಯಾಲಿಪರಿನ ಸದ್ದು ನನ್ನ ದನಿಯಷ್ಟೇ ಪರಿಚಿತ. ಹೊಸ ಜಾಗಕ್ಕೆ ಹೋದರೆ ಮೊದಲ ವಾರ ಹದಿನೈದು ಜನಕ್ಕೆ ಕಾಲಿನ ಕಥೆ ಹೇಳಬೇಕು. ಇದನ್ನೂ ತಕ್ಕಡಿಗೆ ಹಾಕಿ.

ಲಿಫ್ಟ್ ಇರುವ ಸಾಮಾನ್ಯ ಅಪಾರ್ಟ್‌ಮೆಂಟ್

ನಿಮಗೆ ಬೇಕಾದದ್ದು ಕೇವಲ ಮೆಟ್ಟಿಲಿಲ್ಲದ ಮನೆಯಾಗಿದ್ದು, ಕೈ ಕೊಡುವವರಿಗೆ ಇನ್ನೂ ವಯಸ್ಸಿದ್ದರೆ, ಹಿರಿಯರ ವಸತಿಗಿಂತ ಇದೇ ಮೇಲೆಂದು ನನ್ನ ಅಭಿಪ್ರಾಯ. ಮಕ್ಕಳ ಗದ್ದಲವಿರುತ್ತದೆ, ವಯಸ್ಸಿನ ಷರತ್ತಿಲ್ಲ, ಬೇಡವಾದರೆ ಯಾರಿಗೆ ಬೇಕಾದರೂ ಮಾರಬಹುದು.

ಆದರೆ ಲಿಫ್ಟ್ ಇದೆ ಎಂದ ಮಾತ್ರಕ್ಕೆ ನಂಬಬೇಡಿ. ನಾವು ನೋಡಿದ ಆರು ಕಟ್ಟಡಗಳ ಪೈಕಿ ಮೂರರಲ್ಲಿ ಲಿಫ್ಟಿನ ಬಾಗಿಲಿಗೆ ಹೋಗಲು ನಾಲ್ಕು ಮೆಟ್ಟಿಲಿದ್ದವು! ತಪ್ಪಿಸಬೇಕೆಂದರೆ ನೆಲಮಾಳಿಗೆಗೆ ಇಳಿದು ಅಲ್ಲಿಂದ ಲಿಫ್ಟ್ ಹತ್ತಬೇಕು, ಆದರೆ ನೆಲಮಾಳಿಗೆಯ ಇಳಿಜಾರು ಕಾರಿಗೆಂದು ಮಾಡಿದ್ದು, ಗಾಲಿಕುರ್ಚಿ ಅಲ್ಲಿ ನಿಲ್ಲುವುದಿಲ್ಲ. ವಿದ್ಯುತ್ ಹೋದಾಗ ಜನರೇಟರ್ ಲಿಫ್ಟಿಗೂ ಸೇರಿದೆಯೇ, ದೀಪಕ್ಕೆ ಮಾತ್ರವೇ ಕೇಳಿ. ಬೆಂಕಿ ಬಿದ್ದರೆ ಲಿಫ್ಟ್ ಬಳಸುವ ಹಾಗಿಲ್ಲ. ಇಪ್ಪತ್ತನಾಲ್ಕು ಮೀಟರಿಗಿಂತ ಎತ್ತರದ ಕಟ್ಟಡಗಳಲ್ಲಿ ಜನ ಕಾಯಲು ಸುರಕ್ಷಿತ ತಾಣ ಬಿಟ್ಟಿರಬೇಕೆಂಬ ನಿಯಮವಿದೆ, ನಮ್ಮಂಥವರಿಗೆ ಆ ಜಾಗ ಎಲ್ಲಿದೆ ಎಂಬುದು ಅಡುಗೆಮನೆ ಎಲ್ಲಿದೆ ಎಂಬುದಕ್ಕಿಂತ ಮುಖ್ಯ. ನೆಲಮಹಡಿ ಅಥವಾ ಮೊದಲನೆಯದು ಸಿಕ್ಕರೆ ಬಿಡಬೇಡಿ.

ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದವರು ಇಳಿಜಾರು ಕಟ್ಟಲು ಬಿಡುತ್ತಾರೆಯೇ? ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಪ್ರವೇಶ ಸೌಕರ್ಯದ ನಿಯಮಗಳಿಗೆ ಹೊಂದದ ನಕ್ಷೆಗೆ ಕಟ್ಟಡದ ಅನುಮತಿ ಕೊಡಬಾರದೆಂದು ಅದರ 44ನೇ ಕಲಂ ಹೇಳುತ್ತದೆ. ಈ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನು ನಮ್ಮ ಕಡೆಗಿದೆ, ನಿಜ. ಆದರೆ ದಿನವೂ ಮುಖ ನೋಡಬೇಕಾದ ನೆರೆಯವರೊಂದಿಗೆ ಕಾನೂನಿನ ಪುಸ್ತಕ ಹಿಡಿದು ಬದುಕು ಶುರು ಮಾಡುವುದು ನನಗಂತೂ ಬೇಡವಾಗಿತ್ತು. ಈಗಾಗಲೇ ಇಳಿಜಾರು ಇರುವ ಕಟ್ಟಡವನ್ನೇ ಹುಡುಕುವುದು ಸುಖ.

ಮಗಳ ಮನೆ

ಕರೆದಳು, ಮನಸ್ಸಿಟ್ಟೇ ಕರೆದಳು. ಗಂಡಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವ ಮನೆಯಲ್ಲಿ ಆ ಹನ್ನೆರಡು ಗಂಟೆ ಮತ್ತೆ ಅದೇ ಸೊಂಟ, ಅದೇ ನಾನು. ಪಡೆಯುವುದು ಮೊಮ್ಮಗನ ಸಂಜೆಗಳನ್ನು, ಕಳೆದುಕೊಳ್ಳುವುದು ಸ್ವಂತ ಅಡುಗೆಮನೆಯನ್ನು. ಇದಕ್ಕಿಂತ ಹೆಚ್ಚು ಹೇಳಿದರೆ ಮಗಳು ಓದುತ್ತಾಳೆ.

ಹಿರಿಯರ ವಸತಿ ಸಮುಚ್ಚಯ

ಜನ ಇದಕ್ಕೆ ‘ಸೀನಿಯರ್ ಲಿವಿಂಗ್’ ಎನ್ನುತ್ತಾರೆ. ಊಟದ ಮನೆ, ಕರೆಗಂಟೆ, ಆಂಬುಲೆನ್ಸ್, ದಿನಕ್ಕೊಮ್ಮೆ ನರ್ಸ್. ಕೊಯಮತ್ತೂರಿನ ಸುತ್ತ ಮೊದಲಿನಿಂದಲೂ ಹೆಚ್ಚು. ಈಗ ಬೆಂಗಳೂರಿನ ಹೊರವಲಯದಲ್ಲಿ, ಮೈಸೂರಿನಲ್ಲಿಯೂ ಇವೆ.

ಒಂದು ಕಡೆ ಮಾದರಿ ಮನೆ ತೋರಿಸಿದ ಹುಡುಗ ಬಹಳ ವಿನಯದವನು. ‘ಗಾಲಿಕುರ್ಚಿಗೆ ಅನುಕೂಲವಾಗುವಂತೆಯೇ ಕಟ್ಟಿದ್ದೇವೆ ಮೇಡಂ’ ಎಂದ. ನಾನು ಕಾರಿನಿಂದ ನನ್ನ ಗಾಲಿಕುರ್ಚಿಯನ್ನೇ ಇಳಿಸಿಸಿದೆ. ದೂರದ ಓಡಾಟಕ್ಕೆ ಈಗ ಅದು ಬೇಕು. ಮುಂಬಾಗಿಲು ಸಲೀಸು. ಹಜಾರ ಸಲೀಸು. ಬಾಲ್ಕನಿಗೆ ಎರಡು ಅಂಗುಲದ ಕಟ್ಟೆ, ಅಲ್ಲಿಗೆ ನಿಂತೆ. ಬಚ್ಚಲಿನಲ್ಲಿ ಸ್ನಾನದ ಜಾಗಕ್ಕೆ ಗಾಜಿನ ತಡೆ, ಅದರ ಕೆಳಗೆ ಇನ್ನೊಂದು ಕಟ್ಟೆ. ಕುರ್ಚಿ ಒಳಗೆ ಹೋಯಿತು, ತಿರುಗಲಿಲ್ಲ. ತಿರುಗಲು ಐದಡಿಯ ಸುತ್ತಳತೆಯಲ್ಲ, ಐದಡಿಯ ಅಡ್ಡಳತೆ ಬೇಕು. ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಹೊರಬಂದೆ. ಊಟದ ಮನೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಭಾರದ್ದು, ಊರುಗೋಲು ಹಿಡಿದ ಕೈಯಲ್ಲಿ ತಳ್ಳಲಾಗದು. ತೋಟದ ದಾರಿಗೆ ಚೆಂದಕ್ಕೆಂದು ಬೆಣಚುಕಲ್ಲು ಸುರಿದಿದ್ದರು. ಹುಡುಗ ಪ್ರತಿಯೊಂದನ್ನೂ ಬರೆದುಕೊಂಡ. ಅವನ ತಪ್ಪಲ್ಲ, ಮುಂದೆ ಎಂದಾದರೂ ಗಾಲಿಕುರ್ಚಿ ಬೇಕಾಗಬಹುದಾದವರಿಗೆ ಆ ಮನೆ ಕಟ್ಟಿದ್ದರು, ಈಗಲೇ ಅದರಲ್ಲಿ ಕುಳಿತು ಬರುವವರಿಗಲ್ಲ.

ಆದ್ದರಿಂದ ಕಟ್ಟಡವನ್ನು ಕಣ್ಣಿನಿಂದ ನೋಡಬೇಡಿ, ನಿಮ್ಮದೇ ಕುರ್ಚಿ, ಕೋಲು, ವಾಕರ್ ಒಯ್ದು ನಡೆದು ನೋಡಿ. ಮಾದರಿ ಮನೆಯಲ್ಲಿ ಮಾತ್ರವಲ್ಲ, ನಿಮಗೆ ಕೊಡುವ ಮನೆಯಲ್ಲಿಯೇ.

ಅದಕ್ಕಿಂತ ಮುಖ್ಯವಾದದ್ದು ಅರ್ಜಿ ನಮೂನೆಯಲ್ಲಿರುತ್ತದೆ. ಸಾಮಾನ್ಯವಾಗಿ ಅಲ್ಲೊಂದು ಸಾಲು: ನಿವಾಸಿ ಸ್ವತಂತ್ರವಾಗಿ ಬದುಕುವ ಸಾಮರ್ಥ್ಯ ಹೊಂದಿರಬೇಕು. ಆ ಸಾಲಿನ ಮುಂದೆ ನಾನು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಅರವತ್ತಮೂರು ವರ್ಷ ಈ ಕಾಲಿನೊಂದಿಗೆ ಓದಿ, ದುಡಿದು, ಮಗಳನ್ನು ಬೆಳೆಸಿದವಳಿಗೆ ಇದಕ್ಕೆ ‘ಹೌದು’ ಎನ್ನದೆ ಇನ್ನೇನು ಹೇಳುವುದು? ಆದರೆ ಸ್ನಾನಕ್ಕೆ ಸಹಾಯ ಬೇಕೇ ಎಂಬ ಮುಂದಿನ ಸಾಲಿಗೂ ‘ಹೌದು’. ಅವರ ಪ್ರಕಾರ ಈ ಎರಡು ಹೌದುಗಳು ಒಟ್ಟಿಗಿರಲು ಸಾಧ್ಯವಿಲ್ಲ. ಸಹಾಯ ಬೇಕೆಂದರೆ ಆರೈಕೆಯ ವಿಭಾಗ, ಅದಕ್ಕೆ ಬೇರೆ ದರ, ಬೇರೆ ಮಹಡಿ. ಬೇಡವೆಂದು ಬರೆದರೆ ನಾಳೆ ವಿಷಯ ಮುಚ್ಚಿಟ್ಟಿರಿ ಎಂಬ ಆಪಾದನೆ.

ನಾನು ಕಂಡುಕೊಂಡ ದಾರಿ ಇಷ್ಟು. ಸತ್ಯವನ್ನೇ ಬರೆಯಿರಿ, ಆದರೆ ವಿವರವಾಗಿ ಬರೆಯಿರಿ: ಯಾವ ಕೆಲಸಕ್ಕೆ, ಎಷ್ಟು ನಿಮಿಷ, ಯಾರಿಂದ ಸಹಾಯ. ನೋಟ್ ಪುಸ್ತಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆ ಹಾಳೆಯನ್ನು ಕರಾರಿಗೆ ಅನುಬಂಧವಾಗಿ ಸೇರಿಸಿ ಇಬ್ಬರ ಸಹಿಯನ್ನೂ ಹಾಕಿಸಿ. ಹೀಗಿದ್ದೂ ಸ್ವತಂತ್ರ ಮನೆ ಕೊಡಲು ಒಪ್ಪಿದ್ದೇವೆ ಎಂಬುದು ಬರಹದಲ್ಲಿರಲಿ. ಯಾವ ಸ್ಥಿತಿ ಬಂದರೆ ಆರೈಕೆಯ ವಿಭಾಗಕ್ಕೆ ಹೋಗಿ ಎನ್ನುತ್ತಾರೆ, ಅದನ್ನು ತೀರ್ಮಾನಿಸುವವರು ಯಾರು, ಹೊರಗಿನ ವೈದ್ಯರ ಮಾತಿಗೆ ಬೆಲೆಯಿದೆಯೇ ಎಂದು ಕೇಳಿ. ಗಂಡಹೆಂಡತಿಯಲ್ಲಿ ಒಬ್ಬರಿಗೆ ಆರೈಕೆ ಬೇಕಾದರೆ ಇನ್ನೊಬ್ಬರೂ ಜೊತೆಗಿರಬಹುದೇ? ಯಜಮಾನರು ಮೊದಲು ಹೋದರೆ ನಾನೊಬ್ಬಳೇ ಅದೇ ಮನೆಯಲ್ಲಿ ಮುಂದುವರಿಯಬಹುದೇ? ಈ ಪ್ರಶ್ನೆ ಕೇಳುವಾಗ ಅವರು ಪಕ್ಕದಲ್ಲಿಯೇ ಕುಳಿತಿದ್ದರು. ಕೇಳಿಯೇ ಬಿಟ್ಟೆ. ಮೂರು ಕಡೆಗಳಲ್ಲಿ ಎರಡು ಕಡೆ ಉತ್ತರ ಬಾಯಿಮಾತಿನದು, ಮೂರನೆಯ ಕಡೆ ಕರಾರಿನ ಪುಟ ತೆಗೆದು ತೋರಿಸಿದರು. ಮುಂದೆ ಮಾತಾಡಲು ನಾವು ಹೋದದ್ದು ಆ ಮೂರನೆಯವರ ಹತ್ತಿರ.

ಇಲ್ಲಿಯೂ ಹಣದಿಂದ ಕೊಳ್ಳಲಾಗದ ಒಂದು ಸಂಗತಿ ಸಿಕ್ಕಿತು. ಅಲ್ಲಿನ ಊಟದ ಮನೆಯ ಓಣಿಯಲ್ಲಿ ವಾಕರ್ ಹಿಡಿದವರು, ಕೋಲು ಹಿಡಿದವರು, ಗೋಡೆ ಹಿಡಿದವರು ಸಾಲಾಗಿ ಹೋಗುತ್ತಿದ್ದರು. ನನ್ನ ಕ್ಯಾಲಿಪರ್ ಟಕ್ ಎಂದಾಗ ಯಾರೂ ತಿರುಗಲಿಲ್ಲ. ಆ ಗುಂಪಿನಲ್ಲಿ ಎಲ್ಲರಿಗಿಂತ ವೇಗವಾಗಿ ನಡೆಯುತ್ತಿದ್ದವಳು ನಾನೇ. ಹುಟ್ಟಿದಂದಿನಿಂದ ಇದೇ ಮೊದಲು.

ಆರೈಕೆ ಕೇಂದ್ರ, ವೃದ್ಧಾಶ್ರಮ

ಹಾಸಿಗೆಯಿಂದ ಏಳಲಾರದವರಿಗೆ, ಮರೆವು ಬಲಿತವರಿಗೆ ಆರೈಕೆ ಕೇಂದ್ರ ಬೇಕೇ ಬೇಕು. ಅಲ್ಲಿ ಹೋಲಿಕೆ ಮಾಡುತ್ತಾ ಕೂರುವ ಅವಕಾಶ ಕಡಿಮೆ. ರಾತ್ರಿಪಾಳಿಯಲ್ಲಿ ಎಷ್ಟು ಜನಕ್ಕೆ ಎಷ್ಟು ಸಹಾಯಕರು ಎಂಬ ಒಂದೇ ಪ್ರಶ್ನೆ ಕೇಳಿ, ಸಾಧ್ಯವಾದರೆ ರಾತ್ರಿಯೇ ಹೋಗಿ ನೋಡಿ. ದತ್ತಿ ಸಂಸ್ಥೆಗಳು ನಡೆಸುವ ವೃದ್ಧಾಶ್ರಮಗಳಲ್ಲಿ ಹಲವು ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಹಾಗಾಗಿ ಯಾರಿಗೆ ಹೆಚ್ಚು ಅಗತ್ಯವೋ ಅವರಿಗೇ ಬಾಗಿಲು ಕಿರಿದು.

ಕಣ್ಣು, ಕಿವಿಯ ತೊಂದರೆಯಿದ್ದರೆ

ನನ್ನ ಅನುಭವ ಕಾಲಿನದು. ಆದರೆ ಬ್ಯಾಂಕಿನ ಗೆಳತಿಯೊಬ್ಬಳಿಗೆ ದೃಷ್ಟಿಯಿಲ್ಲ, ಅವಳ ಲೆಕ್ಕ ತಲೆಕೆಳಗು. ಅವಳಿಗೆ ಹೊಸ್ತಿಲು, ಮೆಟ್ಟಿಲು ಶತ್ರುಗಳಲ್ಲ, ಗುರುತುಗಳು. ಮೂವತ್ತು ವರ್ಷದ ಮನೆ ಅವಳ ಪಾದಕ್ಕೆ ಬಾಯಿಪಾಠ. ಮನೆ ಬದಲಿಸುವುದಾದರೆ ಹೊಸ ನಕ್ಷೆ ಕಲಿಯುವ ಚುರುಕು ಇರುವಾಗಲೇ, ಅರವತ್ತರ ಆಸುಪಾಸಿನಲ್ಲೇ ಬದಲಿಸಬೇಕು ಎನ್ನುತ್ತಾಳೆ. ಒಂದೇ ಅಚ್ಚಿನ ಇಪ್ಪತ್ತು ಬಾಗಿಲುಗಳಿರುವ ಉದ್ದ ಓಣಿ ಅವಳಿಗೆ ಮರುಭೂಮಿ. ಕಿವಿ ಕೇಳದವರಿಗೆ ಕರೆಗಂಟೆ, ಇಂಟರ್‌ಕಾಂ, ಬೆಂಕಿಯ ಸೈರನ್ ಎಲ್ಲವೂ ವ್ಯರ್ಥ. ಮಿನುಗುವ ದೀಪವಿದೆಯೇ ನೋಡಬೇಕು. ಶ್ರವಣಯಂತ್ರದ ತಪಾಸಣೆಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರವಿರುವುದು ಅವರಿಗೆ ಮೈಸೂರು ಬಿಡದಿರಲು ಒಂದು ಕಾರಣ. ಹಾಗೆಯೇ ಕ್ಯಾಲಿಪರ್, ಕೃತಕ ಕಾಲು ಬಳಸುವವರು ಅದನ್ನು ರಿಪೇರಿ ಮಾಡುವವರಿಂದ ಎಷ್ಟು ದೂರ ಹೋಗುತ್ತಿದ್ದೇವೆಂದು ಅಳೆಯಬೇಕು. ಬೆಂಗಳೂರಿನಲ್ಲಿ ಮೊಬಿಲಿಟಿ ಇಂಡಿಯಾ, 1959ರಿಂದ ಇರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆಗಳಿವೆ. ಈಜುಕೊಳವಿರುವ ವಸತಿಯಿಂದ ಕ್ಯಾಲಿಪರಿನ ಒಂದು ತಿರುಪಿಗಾಗಿ ಮೂರು ಗಂಟೆ ಪ್ರಯಾಣ ಮಾಡುವುದು ಯಾವ ಸುಖ?

ಹಣ ಮತ್ತು ಕಾಗದ

ಹಿರಿಯರ ವಸತಿಯನ್ನು ಮೂರು ಬಗೆಯಲ್ಲಿ ಕೊಡುತ್ತಾರೆ: ಕ್ರಯ, ದೊಡ್ಡ ಠೇವಣಿಯ ಭೋಗ್ಯ, ತಿಂಗಳ ಬಾಡಿಗೆ. ನಮ್ಮಂಥವರಿಗೆ ಬಾಡಿಗೆಯೇ ಸರಿ, ಇದರಲ್ಲಿ ನನಗೆ ಅನುಮಾನವಿಲ್ಲ. ದೇಹ ವರ್ಷಕ್ಕೊಂದು ರೀತಿ ಬದಲಾಗುವಾಗ ಬದಲಾಗದ ಕಾಗದಕ್ಕೆ ಕಟ್ಟಿಬೀಳಬಾರದು. ಕೊಂಡರೆ ವಾಸಕ್ಕೆ ಐವತ್ತೈದೋ ಅರವತ್ತೋ ದಾಟಿದವರೇ ಬೇಕೆಂಬ ಷರತ್ತು ಇರುತ್ತದೆ. ಮನೆ ಮಕ್ಕಳ ಹೆಸರಿಗೆ ಬಂದರೂ ಅವರು ಅಲ್ಲಿ ಇರಲಾರರು, ಮಾರಲು ಗಿರಾಕಿಗಳೂ ಕಡಿಮೆ. ಭೋಗ್ಯವಾದರೆ ಠೇವಣಿ ಎಷ್ಟು ದಿನದಲ್ಲಿ ವಾಪಸ್, ಎಷ್ಟು ಕಡಿತ, ಹೊಸ ನಿವಾಸಿ ಸಿಗುವವರೆಗೆ ಕಾಯಬೇಕೇ ಎಂದು ನೋಡಿ. ತಿಂಗಳ ಶುಲ್ಕದಲ್ಲಿ ಶೇ 18ರ ಜಿಎಸ್‌ಟಿ ಸೇರಿದೆಯೇ, ವರ್ಷಕ್ಕೆ ಎಷ್ಟು ಏರುತ್ತದೆ, ನಿಮ್ಮದೇ ಸಹಾಯಕಿಯನ್ನು ಒಳಗೆ ಇಟ್ಟುಕೊಂಡರೆ ಅವಳ ಊಟಕ್ಕೆ, ವಾಸಕ್ಕೆ ಬೇರೆ ಹಣವೇ ಎಂಬುದನ್ನು ಕೇಳದೆ ಯಾರೂ ಹೇಳುವುದಿಲ್ಲ.

ಹೊಸದಾಗಿ ಕಟ್ಟುತ್ತಿರುವ ಯೋಜನೆಯಾದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನೋಡಿ. ನಿವೃತ್ತರ ವಸತಿಗೆಂದು ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಕಟ್ಟುವವರು, ಸೇವೆ ಕೊಡುವವರು, ನಿವಾಸಿ ಮೂವರೂ ಸಹಿ ಹಾ​ಕುವ ಒಪ್ಪಂದದ ಮಾತು ಅದರಲ್ಲಿದೆ. ಕಟ್ಟಿದವರೊಬ್ಬರು, ಅನ್ನ ಹಾಕುವವರು ಇನ್ನೊಬ್ಬರು ಆಗಿರುವ ಕಡೆ ಇದನ್ನು ಕೇಳಿ ಪಡೆಯಿರಿ.

ಇದ್ದ ಮನೆಯನ್ನು ಮಾರಿ ಹೋಗಬೇಡಿ. ಬಾಡಿಗೆಗೆ ಕೊಡಿ, ಆ ಹಣ ಅಲ್ಲಿನ ಶುಲ್ಕದ ಒಂದು ಭಾಗವಾಗುತ್ತದೆ. ‘ಮನೆಯನ್ನು ಈಗಲೇ ನಮ್ಮ ಹೆಸರಿಗೆ ಬರೆದುಬಿಡಿ’ ಎಂಬ ಮಾತು ಮಕ್ಕಳಿಂದ ಬಂದರೆ ಮತ್ತು ನಿಮಗೂ ಮನಸ್ಸಿದ್ದರೆ, ದಾನಪತ್ರದಲ್ಲಿ ನಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಸ್ಪಷ್ಟವಾಗಿ ಬರೆಸಿ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಪ್ರಕಾರ ಷರತ್ತು ಮುರಿದರೆ ಉಪವಿಭಾಗಾಧಿಕಾರಿಯ ಮುಂದಿನ ನ್ಯಾಯಮಂಡಳಿ ಆ ಪತ್ರವನ್ನು ರದ್ದು ಮಾಡಬಹುದು. ಇಂಥದ್ದಕ್ಕೆ ಮಾರ್ಗದರ್ಶನ ಬೇಕಾದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ.

ಮಳೆಗಾಲದ ಹದಿನೈದು ದಿನ

ಕೊನೆಗೆ ಮಾಡಿದ್ದು, ಮೊದಲೇ ಮಾಡಬೇಕಾಗಿದ್ದದ್ದು: ಆ ಮೂರನೆಯ ಜಾಗದಲ್ಲಿ ಅತಿಥಿಗಳಾಗಿ ಹದಿನೈದು ದಿನ ಇದ್ದು ನೋಡಿದೆವು. ಬೇಕೆಂದೇ ಮಳೆಗಾಲವನ್ನು ಆರಿಸಿಕೊಂಡೆ. ಒಣ ನೆಲದ ಮೇಲೆ ಎಲ್ಲ ಕಟ್ಟಡಗಳೂ ಒಳ್ಳೆಯವೇ. ಪಕ್ಕದ ಚಕ್ರದ ಸ್ಕೂಟರನ್ನೂ ತರಿಸಿದೆ. ಅದನ್ನು ಪೋರ್ಟಿಕೊದ ಕೆಳಗೆ ನಿಲ್ಲಿಸಬಾರದು, ನೆಲಮಾಳಿಗೆಯಲ್ಲಿಡಿ ಎಂದರು ಕಾವಲಿನವರು. ಅಲ್ಲಿಂದ ನಾನು ಮೇಲೆ ಬರುವುದು ಹೇಗೆ ಎಂದೆ. ಎರಡು ದಿನ ಪತ್ರವ್ಯವಹಾರ ನಡೆದು ಪೋರ್ಟಿಕೊದ ಮೂಲೆಯಲ್ಲಿ ಹಳದಿ ಬಣ್ಣದಲ್ಲಿ ಒಂದು ಚೌಕ ಬರೆಸಿಕೊಟ್ಟರು. ಸಣ್ಣ ಸಂಗತಿ, ಆದರೆ ಕೇಳಿದರೆ ಬದಲಾಗುವ ಜನವೋ ಅಲ್ಲವೋ ಎಂಬುದು ಇಂಥದ್ದರಲ್ಲಿಯೇ ತಿಳಿಯುವುದು.

ನಿರೀಕ್ಷೆಯಂತೆ ಮೊದಲ ದಿನ ಹನ್ನೊಂದು ಜನ ಕಾಲಿನ ಕಥೆ ಕೇಳಿದರು. ಐದನೆಯ ದಿನದ ಹೊತ್ತಿಗೆ ತಮ್ಮ ಮಂಡಿಯ ಕಥೆ ಹೇಳತೊಡಗಿದರು. ಒಂದು ಮಧ್ಯಾಹ್ನ ಕರೆಗಂಟೆಯನ್ನು ಸುಮ್ಮನೆ ಒತ್ತಿ ಗಡಿಯಾರ ನೋಡಿದೆ: ನಾಲ್ಕು ನಿಮಿಷ. ಭಾನುವಾರ ರಾತ್ರಿ ಒತ್ತಿದಾಗ ಒಂಬತ್ತು. ಎರಡನ್ನೂ ಪುಸ್ತಕದಲ್ಲಿ ಬರೆದುಕೊಂಡು ವ್ಯವಸ್ಥಾಪಕರಿಗೂ ತೋರಿಸಿದೆ, ಅವರಿಗೆ ಅಷ್ಟೇನೂ ಸಂತೋಷವಾಗಲಿಲ್ಲ.

ಈಗ ಹನ್ನೊಂದು ತಿಂಗಳ ಬಾಡಿಗೆ ಕರಾರಿಗೆ ಸಹಿ ಹಾಕಿದ್ದೇವೆ. ಸರಸ್ವತಿಪುರಂನ ಮನೆಯ ಮುಂದಿನ ಕೋಣೆಯೊಂದನ್ನು ಬೀಗ ಹಾಕಿ ನಮಗೇ ಇಟ್ಟುಕೊಂಡು ಉಳಿದದ್ದನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಪಾರಿಜಾತದ ಗಿಡ ಉಳಿಯಿತು.

ಆ ಅತಿಥಿಮನೆಯಲ್ಲಿ ಮಂಚದಿಂದ ಬಚ್ಚಲಿಗೆ ಆರು ಹೆಜ್ಜೆ, ನಡುವೆ ಹೊಸ್ತಿಲಿಲ್ಲ, ಗೋಡೆಯುದ್ದಕ್ಕೂ ಕಂಬಿ. ಮೊದಲ ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ತೊಡೆಯ ಮೇಲೆ ಕೈಯೂರಿ, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಹೋಗಿ ಬಂದೆ. ಯಜಮಾನರು ಮಗ್ಗುಲು ಕೂಡ ಬದಲಿಸಲಿಲ್ಲ. ಬೆಳಿಗ್ಗೆ ಎದ್ದವರು ತಿಂಡಿಯ ಸಾಂಬಾರಿಗೆ ಬೆಲ್ಲವನ್ನೇ ಹಾಕಿಲ್ಲವೆಂದು ದೂರಿದರು.